ಘಾಟು ದಾಟದ ಮಗ್‌ಗಳು

ಮೊನ್ನೆ ಮೇಲಿನ ಮನೆಯ ಪಾಟೀಲರು ಬೆಳಗಾವಿಗೆ ಬದಲಿಯಾಗಿ ಹೋಗುವಾಗ ಹಳೆಯ ಪೇಪರಿನಲ್ಲಿ ಸುತ್ತಿದ ಎರಡು ಚಹಾದ ಮಗ್‌ಗಳನ್ನು ತಂದು ನನ್ನ ಕೈಗಿಟ್ಟರು. ಅವಕ್ಕೆ ಜಾಗ ಹುಡುಕುತ್ತ ಅಡುಗೆಮನೆಯ ಗೋಡೆಯ ಮುಂದೆ ನಿಂತವಳು ಹಾಗೇ ನಿಂತುಬಿಟ್ಟೆ. ಕುಕ್ಕರ್ ಎಷ್ಟು ಸೀಟಿ ಹೊಡೆಯಿತೋ ದೇವರಿಗೇ ಗೊತ್ತು, ಆ ದಿನದ ಬೇಳೆ ಗಂಜಿಯಾಯಿತು. ನಮ್ಮವರು ಊಟಕ್ಕೆ ಕುಳಿತು ಅದನ್ನು ಏನೂ ಮಾತಾಡದೆ ಉಂಡರು. ಮದುವೆಯಾಗಿ ಇಷ್ಟು ವರ್ಷಕ್ಕೆ ಅಷ್ಟು ಕಲಿತಿದ್ದಾರೆ.

ಈ ಮನೆಯಲ್ಲಿ ಇರುವವರು ನಾವಿಬ್ಬರು. ಮಡಗಾಂವಿನಲ್ಲಿ ಕೆಲಸಕ್ಕಿರುವ ಮಗಳು ರವಿವಾರ ಬಂದರೆ ಮೂವರು. ಗೋಡೆಯ ಮೇಲಿನ ಮಗ್‌ಗಳು, ಪಾಟೀಲರವೂ ಸೇರಿ, ನಲವತ್ತೊಂದು. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು, ತಲೆಗೆ ಎಷ್ಟು ಬಂತು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೊದಲ ಸಲ ಮನೆಗೆ ಬಂದವರು ಗೋಡೆ ನೋಡಿದ ಕೂಡಲೇ ನನಗೆ ಇದರ ಹವ್ಯಾಸವಿದೆ ಎಂದುಕೊಳ್ಳುತ್ತಾರೆ. ಹೌದೌದು ಎಂದು ಸುಮ್ಮನಾಗುತ್ತೇನೆ. ಖರೇ ಹೇಳಬೇಕೆಂದರೆ ಇವುಗಳಲ್ಲಿ ನಾನು ಆಸೆಪಟ್ಟು ಕೊಂಡದ್ದು ಒಂದೂ ಇಲ್ಲ. ಒಮ್ಮೆ ಪಣಜಿಯ ಅಂಗಡಿಯೊಂದರಲ್ಲಿ ಮೀನಿನ ಚಿತ್ರದ ಮಗ್ ಒಂದನ್ನು ಇಷ್ಟಪಟ್ಟು ತಂದಿದ್ದೆ. ಬಸ್ಸಿನಿಂದ ಇಳಿಯುವಾಗ ಅದು ನನಗಿಂತ ಮೊದಲು ಇಳಿಯಿತು.

ಹಾಗಾದರೆ ಇಷ್ಟೊಂದು ಎಲ್ಲಿಂದ ಬಂದವು ಎಂದು ಕೇಳುತ್ತೀರಿ. ಗೋವಾದ ಈ ವಾಸ್ಕೋಗೆ ನಮ್ಮ ಕಡೆಯವರು ಧಾರವಾಡದಿಂದ, ಬೆಳಗಾವಿಯಿಂದ, ಕಾರವಾರದಿಂದ ನೌಕರಿಗೆಂದು ಬರುತ್ತಾರೆ. ಮೂರು ವರ್ಷವೋ ಐದು ವರ್ಷವೋ ಇದ್ದು, ಒಂದಿಷ್ಟು ಕೊಂಕಣಿ ಕಲಿತು, ಇನ್ನೇನು ಊರು ಒಗ್ಗಿತು ಎನ್ನುವಷ್ಟರಲ್ಲಿ ಬದಲಿಯ ಕಾಗದ ಬಂದು ಘಾಟು ಹತ್ತುತ್ತಾರೆ. ಹೋಗುವಾಗ ಟ್ರಕ್ಕಿನಲ್ಲಿ ಮಂಚ ಹೋಗುತ್ತದೆ, ಟಿವಿ ಹೋಗುತ್ತದೆ, ಗಾಜಿನ ಬಾಗಿಲಿನ ಕಪಾಟು ಹೋಗುತ್ತದೆ, ತುಳಸಿಯ ಕುಂಡವೂ ಹೋಗುತ್ತದೆ. ಚಹಾದ ಮಗ್ ಮಾತ್ರ ಹೋಗುವುದಿಲ್ಲ. ಅನಮೋಡ ಘಾಟಿನ ತಿರುವುಗಳಲ್ಲಿ ಪಿಂಗಾಣಿ ಉಳಿಯುವುದಿಲ್ಲ ಎಂಬುದು ನಮ್ಮ ಜನರ ಗಟ್ಟಿ ನಂಬಿಕೆ. ಉಪ್ಪಿನಕಾಯಿಯ ಭರಣಿಯನ್ನು ಮಾತ್ರ ತೊಡೆಯ ಮೇಲಿಟ್ಟುಕೊಂಡು ಮಗುವಿನ ಹಾಗೆ ದಾಟಿಸುತ್ತಾರೆ. ಅದೂ ಪಿಂಗಾಣಿಯೇ ಅಲ್ಲವೇ ಎಂದು ಕೇಳಿ ನೋಡಿ, ಅದರ ಮಾತೇ ಬೇರೆ ಎಂದು ನಿಮ್ಮ ಬಾಯನ್ನೇ ಮುಚ್ಚಿಸುತ್ತಾರೆ.

ಹೀಗೆ ಹೋಗುವವರೆಲ್ಲ ತಮ್ಮ ಮಗ್‌ಗಳನ್ನು ನನ್ನ ಮನೆಯಲ್ಲಿ ಬಿಟ್ಟು ಹೋಗುವುದು ರೂಢಿಯಾಗಿದೆ. ಇರಲಿ, ಬಂದಾಗ ಇದರಲ್ಲೇ ಚಹಾ ಕುಡಿಯುತ್ತೇವೆ ಎಂದು ಹೇಳಿ ಹೋಗುತ್ತಾರೆ. ನಾನೂ ಅದನ್ನು ಮಾತಿನ ಮಾತೆಂದು ಬಿಡುವವಳಲ್ಲ. ಎಷ್ಟು ವರ್ಷದ ಮೇಲೆ ಬರಲಿ, ಅವರವರ ಮಗ್‌ನಲ್ಲಿ ಅವರಿಗೇ ಚಹಾ. ಒಬ್ಬರ ಮಗ್‌ನಲ್ಲಿ ಇನ್ನೊಬ್ಬರಿಗೆ ಕೊಡುವುದಿಲ್ಲ. ಒಮ್ಮೆ ನಮ್ಮವರ ಸಾಹೇಬರೇ ಬಂದು ಮೂಲೆಯ ಕೆಂಪು ಮಗ್ ಚೆನ್ನಾಗಿದೆ, ಅದರಲ್ಲೇ ಕೊಡಿ ಎಂದಾಗ, ಅದು ಕುಲಕರ್ಣಿಯವರದು ಎಂದು ಸ್ಟೀಲಿನ ಲೋಟದಲ್ಲಿ ಕೊಟ್ಟೆ. ಆ ವರ್ಷ ನಮ್ಮವರಿಗೆ ಬಡ್ತಿ ಬರಲಿಲ್ಲ. ಎರಡಕ್ಕೂ ಸಂಬಂಧವಿಲ್ಲ ಎಂದು ನಾನು ಹೇಳುತ್ತೇನೆ, ಅವರು ಫ್ಯಾನು ನೋಡುತ್ತಾರೆ.

ಇಷ್ಟು ಶಿಸ್ತು ನನಗೆ ಎಲ್ಲಿಂದ ಬಂತೋ. ಧಾರವಾಡದ ನಮ್ಮ ತವರುಮನೆಯಲ್ಲಿ ಪಿಂಗಾಣಿ ಎಂದರೆ ಆರು ಕಪ್ಪು, ಆರು ಬಸಿ, ಅಷ್ಟೇ. ಬಸಿ ಎಂದರೆ ಗೊತ್ತಲ್ಲ, ಕಪ್ಪಿನ ಕೆಳಗಿಡುವ ತಟ್ಟೆ. ಅವು ಗಾಜಿನ ಕಪಾಟಿನಲ್ಲಿ ಕುಳಿತು ಬೀಗರ ದಾರಿ ಕಾಯುತ್ತಿದ್ದವು. ಮಕ್ಕಳಿಗೆಲ್ಲ ಕುಡಿಯಲು ಸ್ಟೀಲಿನ ವಾಟಗಾ. ದೊಡ್ಡಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ನಾನು ಕಪ್ಪು ಒರೆಸಲು ಹೋಗಿ ಒಂದರ ಅಂಚು ಎಗರಿಸಿದೆ. ಅವ್ವ ಬಯ್ಯಲಿಲ್ಲ, ಬಯ್ಯಲು ಪುರಸೊತ್ತಿರಲಿಲ್ಲ. ಬೀಗರು ಕಟ್ಟೆ ಹತ್ತುತ್ತಿದ್ದರು. ಅವಳು ಆ ಕಪ್ಪನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹುಗಿದು, ಮುಚ್ಚಳ ಹಾಕಿ, ಸೆರಗು ಸರಿಮಾಡಿಕೊಂಡು ನಗುತ್ತ ಹೊರಗೆ ಹೋದಳು. ಆಮೇಲೆ ಅವಳಿಗೂ ಅದು ಮರೆತುಹೋಗಿ, ಮೂರನೆಯ ದಿನ ರೊಟ್ಟಿ ಬಡಿಯುವಾಗ ಕೈಗೆ ಸಿಕ್ಕಿತು. ಬಂದವರ ಕಣ್ಣಿಗೆ ಬೀಳಬಾರದ್ದನ್ನು ಹಿಟ್ಟಿನಲ್ಲಿ ಮುಚ್ಚುವ ವಿದ್ಯೆ ನನಗೆ ಹೀಗೆ ತಾಯಿಯಿಂದಲೇ ಬಂದದ್ದು.

ಮಗ್‌ಗಳನ್ನು ಇಡುವ ವಿಷಯದಲ್ಲಿ ನಾನು ಪಟ್ಟ ಪಾಡು ಮಾತ್ರ ನನ್ನದೇ. ಮೊದಲು ಒಲೆಯ ಪಕ್ಕದ ಕಟ್ಟೆಯ ಮೇಲೆ ಬೋರಲು ಹಾಕಿದೆ, ಅಡಿಯಲ್ಲಿ ಜಿರಲೆಗಳು ಸಂಸಾರ ಹೂಡಿದವು. ಆಮೇಲೆ ಕಪಾಟಿನೊಳಗಿಟ್ಟೆ. ವಾಸ್ಕೋದ ಮಳೆಗಾಲ ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ, ಜೂನ್ ತಿಂಗಳಲ್ಲಿ ಮುಚ್ಚಿಟ್ಟದ್ದು ಆಗಸ್ಟ್‌ನಲ್ಲಿ ಹಸಿರಾಗಿ ಹೊರಬರುತ್ತದೆ. ಒಂದರಲ್ಲಿ ದೇವರ ಬತ್ತಿ ಇಟ್ಟೆ, ಒಂದರಲ್ಲಿ ಪೆನ್ನು, ಒಂದರಲ್ಲಿ ಸುಣ್ಣದ ಕಡ್ಡಿ. ಅವುಗಳಲ್ಲಿ ಒಂದರ ಒಡೆಯರು ಹೇಳದೆ ಕೇಳದೆ ಬಂದ ದಿನ ನಾನು ಪಟ್ಟ ಫಜೀತಿಯನ್ನು ಕೇಳಬೇಡಿ.

ಕೊನೆಗೆ ಝುವಾರಿನಗರದ ಮಲ್ಲಪ್ಪನನ್ನು ಕರೆಸಿದೆ. ಬಾದಾಮಿ ಕಡೆಯವನು, ಕಟ್ಟಡದ ಕೆಲಸಕ್ಕೆ ಬಂದು ಬಡಗಿಯಾದವನು. ನಾನು ನೆಲದ ಮೇಲೆ ಸಾಲಾಗಿಟ್ಟ ಮಗ್‌ಗಳನ್ನು ಅವನು ಟೇಪು ಹಿಡಿದು ಒಂದು ಸುತ್ತು ನೋಡಿ ಬಂದ.

“ಹೊಟೇಲ್ ಹಾಕಾಕತ್ತೀರೇನ್ರಿ ಅಕ್ಕಾರ?” ಎಂದ.

ಇವೆಲ್ಲ ಬೇರೆಯವರದು, ಅವರು ಬಂದಾಗ ಬೇಕಾಗುತ್ತವೆ ಎಂದೆ. ಅವನು ಟೇಪು ಬಿಚ್ಚಿ ಗೋಡೆ ಅಳೆಯತೊಡಗಿದ. ತನ್ನ ಊರಿನಿಂದ ಬರುವವರ ಗಂಟುಗಳು ಅವನ ಕೋಣೆಯಲ್ಲೂ ಬೇಕಾದಷ್ಟು ಬಿದ್ದಿವೆಯಂತೆ. ಸಮುದ್ರದ ಗಾಳಿಗೆ ಕಬ್ಬಿಣ ತಾಳುವುದಿಲ್ಲ ಎಂದು ಸ್ಟೀಲಿನ ಕೊಕ್ಕೆಗಳನ್ನೇ ತಂದು, ಉದ್ದನೆಯ ಹಲಗೆಗಳಿಗೆ ಹೊಡೆದು, ಒಂದರ ಕೆಳಗೊಂದು ಐದು ಸಾಲು ಮಾಡಿಕೊಟ್ಟ. ಹಿಡಿಕೆಗಳೆಲ್ಲ ಒಂದೇ ದಿಕ್ಕಿಗಿರಬೇಕೆಂದು ನಾನು ಹೇಳಿದ್ದಕ್ಕೆ ಅವನು ನಕ್ಕ, ಆದರೆ ಹಾಗೇ ಮಾಡಿದ. ಪ್ರತಿ ಕೊಕ್ಕೆಯ ಮೇಲೂ ಬಿಳಿ ಪಟ್ಟಿ ಅಂಟಿಸಿ ನಾನು ಹೆಸರು ಬರೆದೆ. ಕುಲಕರ್ಣಿ, ನಾಯಕ, ಹಿರೇಗೌಡರ, ಕಾಮತ. ಹಾಜರಿ ಪುಸ್ತಕ ಬರೆದು ಪಳಗಿದ ಕೈ, ಅಕ್ಷರ ದುಂಡಗೆ ಬಂದವು. ಮೊದಲ ಸಾಲಿನ ಮೊದಲ ಕೊಕ್ಕೆಗೆ ಶಿರಹಟ್ಟಿ ಎಂದು ಬರೆದೆ.

ಶಿರಹಟ್ಟಿಯವರ ಮಾತು ಈಗ ಹೇಳಬೇಕು. ಹೇಳಲೆಂದೇ ಇಷ್ಟು ಸುತ್ತು ಹಾಕಿದೆನೋ, ಹೇಳುವುದನ್ನು ಮುಂದೂಡಲೆಂದು ಹಾಕಿದೆನೋ ನನಗೂ ಸರಿಯಾಗಿ ಗೊತ್ತಿಲ್ಲ.

ಅವರು ನಮ್ಮವರ ಜೊತೆಗೇ ಬಂದರಿನ ಕಡೆಯ ಆಫೀಸಿನಲ್ಲಿದ್ದರು. ಎದುರು ಕಟ್ಟಡದಲ್ಲಿ ಒಂದೇ ಕೋಣೆ ಮಾಡಿಕೊಂಡು ಒಬ್ಬರೇ ಇರುತ್ತಿದ್ದರು. ಹೆಂಡತಿ ಸುಮಿತ್ರಾ ವೈನಿ ಧಾರವಾಡದಲ್ಲಿ, ವಯಸ್ಸಾದ ಅತ್ತೆಯನ್ನೂ ಮಕ್ಕಳ ಶಾಲೆಯನ್ನೂ ನೋಡಿಕೊಂಡು. ವೈನಿ ಎಂದರೆ ಅತ್ತಿಗೆ, ನಾವಿಬ್ಬರೂ ಒಬ್ಬರನ್ನೊಬ್ಬರು ಹಾಗೇ ಕರೆಯುವುದು. ಶುಕ್ರವಾರ ರಾತ್ರಿ ಬಸ್ಸು ಹತ್ತಿದರೆ ಶಿರಹಟ್ಟಿಯವರು ಸೋಮವಾರ ಬೆಳಿಗ್ಗೆ ವಾಪಸು. ಹದಿನೆಂಟು ವರ್ಷ ಹೀಗೇ ಓಡಾಡಿದರು.

ನಾವು ವಾಸ್ಕೋಗೆ ಬಂದಿಳಿದ ದಿನ ನಮ್ಮ ಸಾಮಾನಿನ ಟ್ರಕ್ಕು ಘಾಟಿನಲ್ಲಿ ಕೆಟ್ಟು ನಿಂತಿತ್ತು. ಖಾಲಿ ಮನೆ, ಹೊರಗೆ ಧೋ ಎಂದು ಮಳೆ, ಸೊಂಟದ ಮೇಲೆ ಮಗಳು. ನನಗೆ ಅಳು ಬಂದಿತ್ತು. ಆಗ ಪರಿಚಯವೇ ಇಲ್ಲದ ಒಬ್ಬರು ಪ್ಯಾಂಟನ್ನು ಮೊಳಕಾಲಿನವರೆಗೆ ಮಡಚಿಕೊಂಡು, ಒಂದು ಕೈಯಲ್ಲಿ ಚಹಾದ ಪಾತ್ರೆ, ಇನ್ನೊಂದು ಕೈಯಲ್ಲಿ ನೀಲಿ ಗೆರೆಯ ಬಿಳಿ ಮಗ್ ಹಿಡಿದು ಬಾಗಿಲಲ್ಲಿ ನಿಂತರು. ತಮ್ಮ ಹತ್ತಿರ ಇರುವುದು ಇದೊಂದೇ ಎಂದು ಸಂಕೋಚಪಟ್ಟರು. ಆ ಒಂದು ಮಗ್‌ನಲ್ಲಿ ನಾವಿಬ್ಬರು, ಅವರು, ಸರದಿಯ ಮೇಲೆ ಮೂವರೂ ಕುಡಿದೆವು. ಟ್ರಕ್ಕು ಬರುವವರೆಗೆ ಎರಡು ದಿನ ಅದೇ ನಮ್ಮ ಚಹಾದ ಕಪ್ಪು, ಅದೇ ಮಗಳ ಹಾಲಿನ ಬಟ್ಟಲು. ಮೂರನೆಯ ದಿನ ತೊಳೆದು ವಾಪಸು ಕೊಡಲು ಹೋದರೆ, ಅಲ್ಲೇ ಇರಲಿ, ಸಂಜೆಗೆ ಹೇಗೂ ಬರುತ್ತೇನಲ್ಲ ಎಂದರು. ಬಂದರು. ಆಮೇಲೆ ವಾರಕ್ಕೆ ಐದು ದಿನ ಬಂದರು. ಗುರುತಿಲ್ಲದ ಊರಿನಲ್ಲಿ ನಮಗೆ ಮೊದಲ ಗುಟುಕು ಕೊಟ್ಟ ಮನುಷ್ಯ ಅವರು. ಅವರ ಋಣ ನನ್ನ ಮೇಲೆ ಎಷ್ಟಿದೆ ಎಂದರೆ ನನ್ನ ಗಣಿತ ಅಲ್ಲಿ ನಡೆಯುವುದಿಲ್ಲ.

ಆ ಋಣವನ್ನು ನಾನು ತೀರಿಸಿದ್ದು ಸಕ್ಕರೆಯಿಂದ. ಅದೇ ನನ್ನ ಹೊಟ್ಟೆಯಲ್ಲಿ ಕುಳಿತಿರುವ ಮಾತು. ಏಳೆಂಟು ವರ್ಷದ ಹಿಂದೆ ಅವರಿಗೆ ಶುಗರ್ ಎಂದು ಗೊತ್ತಾಯಿತು. ಸುಮಿತ್ರಾ ವೈನಿ ನನಗೆ ಫೋನು ಮಾಡಿ, ಅವರ ಚಹಾಕ್ಕೆ ಸಕ್ಕರೆ ಹಾಕಬೇಡಿ ಎಂದು ಕಟ್ಟುನಿಟ್ಟಾಗಿ ಹೇಳಿದರು. ಒಂದು ತಿಂಗಳು ಹಾಕಲಿಲ್ಲ. ಅವರು ಕಷಾಯ ಕುಡಿಯುವವರ ಮುಖ ಮಾಡಿಕೊಂಡು ಕುಡಿದರು. ಒಂದು ಸೋಮವಾರ ಅರ್ಧ ಚಮಚ ಕೇಳಿದರು, ಕೊಟ್ಟೆ. ಅರ್ಧ ಒಂದಾಯಿತು. ಒಂದು ಒಂದೂವರೆಯಾಯಿತು. ಕೊನೆಗೆ ಎರಡಕ್ಕೆ ಬಂದು ನಿಂತಿತು. ದಿನವಿಡೀ ದುಡಿದು, ಆ ಖಾಲಿ ಕೋಣೆಗೆ ಹೋಗುವ ಮುಂಚೆ ಅವರು ಕೇಳುತ್ತಿದ್ದದ್ದು ಅದೊಂದೇ. ನನಗೆ ಇಲ್ಲ ಎನ್ನಲಾಗಲಿಲ್ಲ.

ಹೋದ ವರ್ಷ ಒಂದು ರವಿವಾರ ಧಾರವಾಡದಲ್ಲಿ ಅವರು ಹೃದಯಾಘಾತದಿಂದ ತೀರಿಕೊಂಡರು. ನಾವು ಹೋಗಿ ಬಂದೆವು. ಆ ಗದ್ದಲದಲ್ಲಿ ವೈನಿಯವರ ಕೈ ಹಿಡಿದದ್ದಷ್ಟೇ. ಎರಡು ಚಮಚ ಸಕ್ಕರೆಗೆ ಯಾರೂ ಸಾಯುವುದಿಲ್ಲ ಎಂದು ನಮ್ಮವರು ನನಗೆ ಎಷ್ಟು ಸಲ ಹೇಳಿದ್ದಾರೋ. ಆದರೆ ಎರಡನ್ನು ಐದು ದಿನದಿಂದ ಗುಣಿಸಿ, ಅದನ್ನು ವಾರಗಳಿಂದ ಗುಣಿಸಿ, ವರ್ಷಗಳಿಂದ ಗುಣಿಸುವ ಹೆಂಗಸಿಗೆ ಹಾಗೆ ಹೇಳಿ ಏನು ಉಪಯೋಗ? ಮಗ್ ಅಲ್ಲೇ ತೂಗುತ್ತಿತ್ತು. ವಾರಕ್ಕೊಮ್ಮೆ ಉಳಿದವುಗಳ ಜೊತೆ ಅದನ್ನೂ ತೊಳೆದು ತೂಗುಹಾಕುತ್ತಿದ್ದೆ.

ಈ ಚೌತಿಯ ಮುಂಚೆ ಸುಮಿತ್ರಾ ವೈನಿಯವರ ಫೋನು ಬಂತು. ಆಫೀಸಿನಲ್ಲಿ ಯಾವುದೋ ಕಾಗದಕ್ಕೆ ಸಹಿ ಮಾಡುವುದಿದೆ, ಬುಧವಾರ ಬರುತ್ತೇನೆ, ನಾಲ್ಕು ಗಂಟೆಗೆ ನಿಮ್ಮಲ್ಲಿಗೆ ಚಹಾಕ್ಕೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತೇನೆ ಎಂದರು. ಫೋನಿಟ್ಟು ಗೋಡೆಯ ಮುಂದೆ ಹೋಗಿ ನಿಂತೆ. ಅವರು ಮಗ್ ನೋಡುತ್ತಾರೆ, ಚಹಾದ ಮಾತು ಬರುತ್ತದೆ, ಚಹಾದ ಮಾತು ಬಂದರೆ ಸಕ್ಕರೆಯ ಮಾತು ಬರುತ್ತದೆ. ಕೇಳಿದರೆ ನಾನು ಸುಳ್ಳು ಹೇಳಲಾರೆ, ಖರೇ ಹೇಳಿದರೆ ಆ ಹೆಂಗಸು ಮತ್ತೆ ನನ್ನ ಮುಖ ನೋಡಲಿಕ್ಕಿಲ್ಲ.

ಮಗ್ ತೆಗೆದಿಡುತ್ತೇನೆ ಎಂದು ನಮ್ಮವರಿಗೆ ಹೇಳಿದೆ. ಪಾಪ, ಅದನ್ನು ನೋಡಿದರೆ ಅವರಿಗೆ ದುಃಖ ಉಕ್ಕುತ್ತದೆ ಎಂಬ ಕಾರಣ ಕೊಟ್ಟೆ. ನಮ್ಮವರು ಬೇಡ ಎಂದರು. ಅದು ಅವರ ಗಂಡನ ಮಗ್, ನಾವು ಯಾರು ತೆಗೆಯಲು ಎಂದರು. ನಾನು ಹೂಂ ಎಂದೆ. ಬುಧವಾರ ಮೂರೂವರೆಗೇ ಬಾಗಿಲ ಗಂಟೆ ಬಾರಿಸಿದ್ದು ಕೇಳಿತು. ಆಗ ನನ್ನ ಕೈ ನನ್ನ ಮಾತು ಕೇಳಲಿಲ್ಲ. ಕೊಕ್ಕೆಯಿಂದ ಮಗ್ ಕಿತ್ತು, ಜೋಳದ ಹಿಟ್ಟಿನ ಡಬ್ಬಿ ತೆರೆದು, ಒಳಗೆ ಹುಗಿದು, ಮುಚ್ಚಳ ಒತ್ತಿ, ನಗುಮುಖ ಮಾಡಿಕೊಂಡು ಬಾಗಿಲು ತೆರೆದೆ.

ವೈನಿ ಸೊರಗಿ ಬಡವಾಗಿದ್ದರು. ಕೂಡ್ರಿ ಎಂದರೆ ಕೂಡ್ರಲಿಲ್ಲ. ನೇರ ಅಡುಗೆಮನೆಗೆ ಬಂದು ಗೋಡೆಯ ಮುಂದೆ ನಿಂತರು. ಹೆಸರುಗಳನ್ನು ಒಂದೊಂದಾಗಿ ಓದುತ್ತ ಹೋದರು. ಅವರ ಕಣ್ಣು ಎಲ್ಲಿ ಹೋಗಿ ನಿಂತಿತು ಎಂದು ನೋಡಿದಾಗ ನನ್ನ ಬುದ್ಧಿವಂತಿಕೆ ನನಗೇ ಕಂಡಿತು. ಮಗ್ ತೆಗೆದಿದ್ದೆ. ಪಟ್ಟಿ ತೆಗೆದಿರಲಿಲ್ಲ. ಮೊದಲ ಸಾಲಿನ ಮೊದಲ ಖಾಲಿ ಕೊಕ್ಕೆಯ ಮೇಲೆ, ನನ್ನದೇ ದುಂಡಗಿನ ಅಕ್ಷರದಲ್ಲಿ, ಶಿರಹಟ್ಟಿ ಎಂದಿತ್ತು.

“ಒಡೀತೇನ್ರಿ ವೈನಿ?” ಎಂದರು. ದನಿ ಬಹಳ ಸಣ್ಣದಿತ್ತು.

ಬಾಗಿಲಲ್ಲಿ ನಿಂತಿದ್ದ ನಮ್ಮವರು ಫ್ಯಾನು ನೋಡತೊಡಗಿದರು. ಒಡೆದಿಲ್ಲ ಎಂದೆ. ಅವರು ನನ್ನನ್ನೇ ನೋಡಿದರು. ನಾನು ಡಬ್ಬಿ ತೆರೆದು, ಮೊಣಕೈವರೆಗೆ ಕೈ ಹಾಕಿ, ಮಗ್ ಹೊರತೆಗೆದೆ. ನೀಲಿ ಗೆರೆ ಕಾಣುತ್ತಿರಲಿಲ್ಲ. ಹಿಟ್ಟು ನೆಲದ ಮೇಲೆ ಉದುರಿತು, ನನ್ನ ಸೀರೆಯ ಮೇಲೂ ಉದುರಿತು. ನಾಚಿಕೆಯಿಂದ ನನಗೆ ನೆಲ ಬಾಯಿಬಿಡಬಾರದೇ ಅನಿಸಿತು.

ವೈನಿ ನಕ್ಕರು. ಮೊದಲು ಸಣ್ಣಗೆ, ಆಮೇಲೆ ಬಾಯಿಗೆ ಸೆರಗು ಹಚ್ಚಿಕೊಂಡು ನಕ್ಕರು, ನಗುತ್ತಲೇ ಅತ್ತರು. ಮಗ್ ಇಸಿದುಕೊಂಡು ನಲ್ಲಿಯ ಕೆಳಗೆ ತಾವೇ ತೊಳೆದರು.

“ನಮ್ಮ ಮನ್ಯಾಗೂ ಹಿಂಗ ಮಾಡ್ಯಾರ್ರಿ,” ಎಂದರು. “ಅವರು ಕಣ್ಣಿಗೆ ಹಾಕೋ ಚಾಳೀಸು, ಅಂಗಿ, ಮಳಿಗಾಲದ ಕೊಡಿ, ಎಲ್ಲಾ ನನ್ನ ಕಣ್ಣಿಗೆ ಬೀಳಬಾರದಂತ ಎತ್ತಿಟ್ಟಾರ. ಫೋಟೋ ಒಂದು ಗ್ವಾಡಿಗೆ ಹಾಕ್ಯಾರ. ನನ್ನ ಮುಂದ ಅವರ ಹೆಸರ ಯಾರೂ ಎತ್ತೂದಿಲ್ಲ. ಎಲ್ಲಾರೂ ನನಗ ಒಳ್ಳೇದ ಮಾಡಾಕತ್ತಾರ.”

ನಾನೂ ಅದನ್ನೇ ಮಾಡಿದ್ದೆ. ಅದಕ್ಕಿಂತ ಕೆಟ್ಟದ್ದು ಮಾಡಿದ್ದೆ, ಅವರಿಗೆ ಒಳ್ಳೆಯದಾಗಲೆಂದಲ್ಲ, ನನ್ನ ಮಾನ ಉಳಿಯಲೆಂದು. ಇನ್ನು ಮುಚ್ಚಿಡಲು ಮನಸ್ಸು ಒಪ್ಪಲಿಲ್ಲ.

“ವೈನಿ, ನೀವು ಬ್ಯಾಡಂದ ಮ್ಯಾಲೂ ನಾ ಅವರ ಚಹಾಕ್ಕ ಸಕ್ಕರಿ ಹಾಕ್ತಿದ್ದೆ,” ಎಂದೆ.

ಅವರು ಮಗ್ ಒರೆಸುತ್ತಿದ್ದವರು ಕೈ ನಿಲ್ಲಿಸಿದರು.

“ಎಷ್ಟ ಹಾಕ್ತಿದ್ರಿ?”

“ಎರಡ ಚಮಚಾ.”

“ನನಗ ಒಂದ ಅಂತ ಹೇಳಿದ್ರು,” ಎಂದರು ವೈನಿ.

ಅವರಿಗೆ ಗೊತ್ತಿತ್ತು. ಶಿರಹಟ್ಟಿಯವರು ಒಂದು ಶನಿವಾರ ತಾವಾಗಿಯೇ ಹೇಳಿಬಿಟ್ಟಿದ್ದರಂತೆ. ವೈನಿ ಆ ದಿನ ಜಗಳಾಡಿದರಂತೆ, ಮರುದಿನ ಸುಮ್ಮನಾದರಂತೆ. ವಾರದಲ್ಲಿ ಐದು ದಿನ ಗಂಡನಿಗೆ ಯಾರೋ ಕೂಡ್ರಿಸಿ ಬಿಸಿ ಚಹಾ ಕೊಡುತ್ತಾರಲ್ಲ, ಅಷ್ಟು ನಿಶ್ಚಿಂತೆ ತಮಗೂ ಇತ್ತು ಎಂದರು. ನನ್ನನ್ನು ಬೈಯಬೇಕೆಂದು ಒಮ್ಮೆಯೂ ಅನಿಸಲಿಲ್ಲವಂತೆ. ಈಗ ಅಳುವ ಸರದಿ ನನ್ನದಾಯಿತು. ವರ್ಷವಿಡೀ ಎದೆಯ ಮೇಲಿದ್ದ ಭಾರವನ್ನು ಆ ಹೆಂಗಸು ನನ್ನ ಅಡುಗೆಮನೆಯಲ್ಲಿ ನಿಂತುಕೊಂಡೇ ಇಳಿಸಿದರು. ಶಿರಹಟ್ಟಿಯವರ ಋಣದ ಮೇಲೆ ಇದೂ ಒಂದು ಸೇರಿತು.

ಚಹಾಕ್ಕೆ ಇಟ್ಟೆ. ವೈನಿ ಕಟ್ಟೆಗೆ ಒರಗಿ ನಿಂತು ಕುದಿಯುವುದನ್ನೇ ನೋಡುತ್ತಿದ್ದರು. ಗಂಡನಿಗೆ ಸಕ್ಕರೆ ಬೇಡವೆಂದಾದ ದಿನವೇ ತಾವೂ ಬಿಟ್ಟಿದ್ದರಂತೆ. ಅದಕ್ಕೇ ಸಪ್ಪೆ ಚಹಾವನ್ನೇ ಆ ನೀಲಿ ಗೆರೆಯ ಮಗ್‌ಗೆ ಸೋಸಿ ಅವರ ಮುಂದಿಟ್ಟೆ. ಅವರು ಸಕ್ಕರೆಯ ಡಬ್ಬಿಯನ್ನು ತಾವೇ ಹತ್ತಿರ ಎಳೆದುಕೊಂಡು, ಒಂದು ಚಮಚ ಹಾಕಿದರು. ನನ್ನ ಮುಖ ನೋಡಿದರು. ಇನ್ನೊಂದು ಹಾಕಿದರು.

“ಸಹಿ ಕಾಗದಾ ಅಂಚಿಯೊಳಗ ಕಳಸಿದ್ರೂ ನಡೀತಿತ್ರಿ,” ಎಂದರು. “ನಾ ಬಂದದ್ದು ಇದಕ್ಕ. ಹದಿನೆಂಟು ವರ್ಷ ಶನಿವಾರ, ರವಿವಾರ ಅಷ್ಟ ಅವರು ನನ್ನ ಕಡೆ ಇದ್ರು. ಉಳಿದ ಐದು ದಿನಾ ಹೆಂಗ ಇದ್ರು, ಏನ್ ಮಾತಾಡ್ತಿದ್ರು, ಎಲ್ಲಿ ಕೂಡ್ತಿದ್ರು, ನನಗ ಗೊತ್ತಿಲ್ಲ. ನಿಮಗ ಗೊತ್ತದ.”

ನಮ್ಮವರು ಕುರ್ಚಿ ಎಳೆದು ಕೊಟ್ಟರು. ವೈನಿ ಕುಳಿತು ಒಂದು ಗುಟುಕು ಕುಡಿದರು. ಬಹಳ ಸಿಹಿಯಾಗಿರಬೇಕು, ಕಣ್ಣು ಮುಚ್ಚಿಕೊಂಡರು. ಆಮೇಲೆ ಎರಡೂ ಕೈಯಿಂದ ಮಗ್ ಹಿಡಿದುಕೊಂಡು ನನ್ನ ಕಡೆ ತಿರುಗಿದರು.

“ಸೋಮವಾರದಿಂದ ಹೇಳ್ರಿ,” ಎಂದರು.